ಎಂಟೆಂಟು ಬೈಟಿನ ಲೆಕ್ಕ

ಸಿ ಭಾಷೆಯ ಕಡತವೊಂದರಲ್ಲಿ ಒಂದರ ಕೆಳಗೊಂದು 36 ಸಾಲು. ಪ್ರತಿ ಸಾಲಿನ ಎಡಕ್ಕೆ ಟಿಪ್ಪಣಿಯಾಗಿ ಒಂದು ಅಂಕಿ: 0, 8, 16, 24 ಎಂದು ಶುರುವಾಗಿ 280ಕ್ಕೆ ಮುಗಿಯುತ್ತದೆ. ಅಮೆರಿಕದ ಎಂಐಟಿಯವರು ಪಾಠಕ್ಕೆಂದೇ ಬರೆದ ಎಕ್ಸ್‌ವಿ6 ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್ಮಿನ ‘ಟ್ರ್ಯಾಪ್‌ಫ್ರೇಮ್’ ಇದು. ಹೊರಗಿನವರಿಗೆ ಇದರಲ್ಲಿ ಓದುವಂಥದ್ದೇನೂ ಕಾಣದು. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಬರೆಯುವ ಹುಚ್ಚು ಹತ್ತಿದವರು ಮಾತ್ರ ಇಂಥ ಪುಟದ ಮುಂದೆ ಊಟ ಮರೆತು ಕೂರುತ್ತಾರೆ.

ಕೂರುವುದಕ್ಕೆ ಕಾರಣವಿದೆ. ಪ್ರೊಸೆಸರ್ ಯಾವುದೋ ಲೆಕ್ಕದಲ್ಲಿ ಮುಳುಗಿರುವಾಗ ಯಾರೋ ಕೀಲಿ ಒತ್ತುತ್ತಾರೆ, ಇಲ್ಲವೇ ಟೈಮರ್ ಕರೆಯುತ್ತದೆ. ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಕರ್ನಲ್ಲಿಗೆ ಓಡಬೇಕು. ಮರಳಿ ಬಂದಾಗ ಪ್ರೊಸೆಸರಿನೊಳಗಿನ ರಿಜಿಸ್ಟರುಗಳಲ್ಲಿ ಒಂದೊಂದು ಅಂಕಿಯೂ ಇದ್ದಂತೆಯೇ ಇರಬೇಕು. ನಡುವೆ ಏನೋ ನಡೆಯಿತೆಂಬ ಸುಳಿವು ಪ್ರೋಗ್ರಾಮಿಗೆ ಹತ್ತಬಾರದು. ಹಾಗಾಗಿ ಒಳಗೆ ಕಾಲಿಟ್ಟ ತಕ್ಷಣ ಎಲ್ಲವನ್ನೂ ಗೊತ್ತಾದ ಜಾಗದಲ್ಲಿ, ಗೊತ್ತಾದ ಕ್ರಮದಲ್ಲಿ ಇಡುವುದು. ಆ ಕ್ರಮವೇ ಫ್ರೇಮು. ಇಡುವ ಕೆಲಸ ಅಸೆಂಬ್ಲಿಯದು, ಓದುವ ಕೆಲಸ ಸಿ ಭಾಷೆಯದು. ಇಬ್ಬರ ಲೆಕ್ಕವೂ ಒಂದೇ ಆಗಿದ್ದರೆ ಸರಿ.

ಈ ಕ್ರಮವನ್ನು ಪೂರ್ತಿ ತನ್ನಿಷ್ಟದಂತೆ ಹಾಕುವ ಸ್ವಾತಂತ್ರ್ಯ ಬರೆಯುವವನಿಗೆ ಇಲ್ಲ. ಇಂಟೆಲ್‌ನ 64 ಬಿಟ್ ಪ್ರೊಸೆಸರುಗಳಲ್ಲಿ ಮೊದಲ ಐದು ಬೆಲೆಗಳನ್ನು ಸ್ಟ್ಯಾಕಿಗೆ ತಳ್ಳುವುದು ಪ್ರೊಸೆಸರೇ: ಸ್ಟ್ಯಾಕ್ ಸೆಗ್ಮೆಂಟು, ಸ್ಟ್ಯಾಕ್ ಪಾಯಿಂಟರು, ಫ್ಲ್ಯಾಗುಗಳು, ಕೋಡ್ ಸೆಗ್ಮೆಂಟು, ಮುಂದಿನ ಆಜ್ಞೆಯ ವಿಳಾಸ. ಒಟ್ಟು 40 ಬೈಟು. ಪೇಜ್ ಫಾಲ್ಟಿನಂಥ ಕೆಲವು ಸಂದರ್ಭಗಳಲ್ಲಿ ಇವುಗಳ ಮೇಲೊಂದು ಎರರ್ ಕೋಡನ್ನೂ ಹಾಕುತ್ತದೆ. ಸೊನ್ನೆಯಿಂದ ಭಾಗಿಸಿದಾಗ ಹಾಕುವುದಿಲ್ಲ. ಎರಡು ಬಗೆಯ ಫ್ರೇಮಾದರೆ ಮುಂದೆಲ್ಲ ಗೋಜಲು. ಅದಕ್ಕೆ ಕೋಡ್ ಬಾರದ ಕಡೆ ಲಿನಕ್ಸ್ ತಾನೇ ಒಂದು –1 ತಳ್ಳಿ ಜಾಗ ತುಂಬಿಸುತ್ತದೆ. ಆ –1 ಅನ್ನು ಮೊದಲ ಸಲ ನೋಡಿ, ಅದು ಅಲ್ಲಿ ಏಕಿದೆಯೆಂದು ಹೊಳೆದಾಗ ಆಗುವ ಖುಷಿ ಈ ಕಸುಬಿನವರಿಗೇ ಗೊತ್ತು. ಮಿಕ್ಕ ರಿಜಿಸ್ಟರುಗಳೂ ಸೇರಿದರೆ 21 ಮನೆ, 168 ಬೈಟು. ಸ್ಟ್ಯಾಕ್ ಮೇಲಿಂದ ಕೆಳಕ್ಕೆ ಬೆಳೆಯುವುದರಿಂದ ಮೊದಲು ತಳ್ಳಿದ್ದು ಫ್ರೇಮನ್ನು ವಿವರಿಸುವ ಸಿ ಸ್ಟ್ರಕ್ಟಿನ ಕೊನೆಯ ಸಾಲಾಗುತ್ತದೆ. ಹೊಸಬರು ಪಟ್ಟಿಯನ್ನು ತಲೆಕೆಳಗಾಗಿ ಬರೆಯುವುದು ಇಲ್ಲೇ.

ಆದರೆ ಫ್ರೇಮುಗಳಲ್ಲಿ ರಸಿಕರು ಮತ್ತೆ ಮತ್ತೆ ತೆಗೆದು ನೋಡುವುದು ಹಳೆಯದೊಂದನ್ನು. 1975ರ ಯುನಿಕ್ಸ್ ಆರನೆಯ ಆವೃತ್ತಿ, ಪಿಡಿಪಿ-11 ಯಂತ್ರದ್ದು. ಅದರಲ್ಲಿ ಆರ್0 ಇರುವ ಜಾಗವನ್ನು ಸೊನ್ನೆ ಎಂದಿಟ್ಟುಕೊಂಡು ಉಳಿದವನ್ನು ಬೈಟಿನಲ್ಲಲ್ಲ, ಮನೆಗಳಲ್ಲಿ ಎಣಿಸಿದ್ದಾರೆ. ಆರ್1 ಎಲ್ಲಿ? –2ರಲ್ಲಿ. ಆರ್2? ದೂರದ –9ರಲ್ಲಿ. ಆರ್3 –8, ಆರ್4 –7, ಆರ್5 –6, ಆರ್6 ಮಾತ್ರ –3. ಆರ್7 ಅತ್ತ ದಾಟಿ +1ರಲ್ಲಿ. ಮೇಲ್ನೋಟಕ್ಕೆ ಯಾರೋ ನಿದ್ದೆಗಣ್ಣಲ್ಲಿ ಬರೆದಂತಿದೆ. ಅಸೆಂಬ್ಲಿಯನ್ನು ಸಾಲುಸಾಲಾಗಿ ಹಿಂಬಾಲಿಸಿದರೆ ಒಂದೊಂದಕ್ಕೂ ಕಾರಣ ಸಿಗುತ್ತದೆ. +1 ಮತ್ತು +2 ಯಂತ್ರವೇ ತಳ್ಳಿದ್ದು. –1ರಲ್ಲಿ ಹೊಸ ಸ್ಥಿತಿ ಪದ ಕೂತಿದೆ. –4ರಲ್ಲಿ ಬಂದ ಅಡಚಣೆ (ಇಂಟರಪ್ಟ್) ಯಾವುದೆಂಬ ಗುರುತು, –5ರಲ್ಲಿ ಹಿಂದಿರುಗುವ ವಿಳಾಸ. –6ರಿಂದ –9ರವರೆಗಿನದನ್ನು ಕರ್ನಲ್ ಬರೆದವರು ಇಟ್ಟೇ ಇಲ್ಲ! ಸಿ ಕಂಪೈಲರು ಪ್ರತಿ ಫಂಕ್ಷನ್ನಿನ ಬಾಗಿಲಲ್ಲೂ ಆರ್5ರಿಂದ ಆರ್2ರವರೆಗೆ ಇಳಿಕೆಯ ಕ್ರಮದಲ್ಲಿ ಉಳಿಸುತ್ತಿತ್ತು. ಅದನ್ನೇ ಕರ್ನಲ್ ತನ್ನದೆಂದು ಎಣಿಸಿಕೊಂಡಿತು. ಕಂಪೈಲರಿನ ಅಭ್ಯಾಸ ಬದಲಾದರೆ ಕರ್ನಲ್ ಕುಸಿಯುತ್ತಿತ್ತು. ಇದನ್ನು ಜಾಣತನ ಎನ್ನಬಹುದು, ದುಸ್ಸಾಹಸ ಎಂದರೂ ತಪ್ಪಿಲ್ಲ. ಆಸ್ಟ್ರೇಲಿಯಾದ ಜಾನ್ ಲಯನ್ಸ್ ಈ ಆವೃತ್ತಿಗೆ ಬರೆದ ವ್ಯಾಖ್ಯಾನವನ್ನು ಪರವಾನಗಿಯ ನಿರ್ಬಂಧದಿಂದಾಗಿ ಎಷ್ಟೋ ವರ್ಷ ಜನ ಜೆರಾಕ್ಸ್ ಮಾಡಿಕೊಂಡೇ ಓದಿದರು. ಎಲ್ಲರೂ ಕೊಳ್ಳುವಂತೆ ಅದು ಅಚ್ಚಾದದ್ದು 1996ರಲ್ಲಿ.

ಕನ್ನಡದ ನೆಲಕ್ಕೂ ಈ ಲೆಕ್ಕ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಕಂಪನಿಯವರು ಸೇರಿ ರೂಪಿಸಿದ ಅಂಗೈಯಗಲದ ಸಿಂಪ್ಯೂಟರ್ 2001ರಲ್ಲಿ ಹೊರಬಂತು. ಒಳಗಿದ್ದದ್ದು ಸ್ಟ್ರಾಂಗ್‌ಆರ್ಮ್ ಚಿಪ್ಪು, ಅದರ ಮೇಲೆ ಲಿನಕ್ಸ್. ಈ ಬಗೆಯ ಆರ್ಮ್ ಚಿಪ್ಪಿನ ರೀತಿಯೇ ಬೇರೆ. ಅಡಚಣೆ ಬಂದಾಗ ಅದು ಸ್ಟ್ಯಾಕಿಗೆ ಏನನ್ನೂ ತಳ್ಳುವುದಿಲ್ಲ. ಉಳಿಸುವುದೆಲ್ಲ ಕರ್ನಲ್ಲಿನ ಪಾಲು. ಬದಲಿಗೆ ಆರ್0ರಿಂದ ಆರ್12ರವರೆಗೆ ಹದಿಮೂರು ರಿಜಿಸ್ಟರುಗಳನ್ನು ಒಂದೇ ಆಜ್ಞೆಯಲ್ಲಿ ಇಡಬಹುದು. ಚಿಕ್ಕ ಸಂಖ್ಯೆಯ ರಿಜಿಸ್ಟರಿಗೆ ಚಿಕ್ಕ ವಿಳಾಸವೆಂಬುದು ಆ ಆಜ್ಞೆಯ ಕಟ್ಟುಪಾಡು, ಹಾಗಾಗಿ ಫ್ರೇಮಿನ ಕ್ರಮ ತಾನಾಗಿಯೇ ಬೀಳುತ್ತದೆ. ಹದಿನಾರು ರಿಜಿಸ್ಟರು, ಸ್ಥಿತಿ ಪದ, ಆರ್0ರ ಮೂಲ ಬೆಲೆಯ ಪ್ರತಿ: 18 ಮನೆ, 72 ಬೈಟು. ಅಚ್ಚುಕಟ್ಟಿನಲ್ಲಿ ಇಂಟೆಲ್‌ಗಿಂತ ಇದೇ ಮೇಲು.

ಲೆಕ್ಕ ತಪ್ಪಿದರೆ ಏನಾಗುತ್ತದೆ? ಹರಪನಹಳ್ಳಿಯವರನ್ನು ಕೇಳಿ. ಅವರ ತಾಲ್ಲೂಕು 1997ರಲ್ಲಿ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ, ಆಮೇಲೆ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಹೋಯಿತು. ಊರು ಕದಲಿಲ್ಲ, ಅದನ್ನು ಹುಡುಕಬೇಕಾದ ಪಟ್ಟಿ ಬದಲಾಯಿತು. ಹಳೆಯ ಕ್ರಮದಂತೆ ಪಟ್ಟಿಯನ್ನು ಎಣಿಸಿಕೊಂಡು ಹೋದವನಿಗೆ ಅದರ ಜಾಗದಲ್ಲಿ ಬೇರೆ ತಾಲ್ಲೂಕು ಸಿಗುತ್ತದೆ. ಸ್ಟ್ರಕ್ಟಿನ ನಡುವೆ ಹೊಸ ಸಾಲೊಂದನ್ನು ತೂರಿಸಿ ಅಸೆಂಬ್ಲಿಯನ್ನು ತಿದ್ದಲು ಮರೆತರೂ ಹೀಗೆಯೇ. ಹಿಂದಿರುಗುವ ವಿಳಾಸ ಬೇಕೆಂದು ಕೈ ಹಾಕಿದರೆ ಸ್ಟ್ಯಾಕ್ ಪಾಯಿಂಟರ್ ಕೈಗೆ ಬರುತ್ತದೆ, ಯಂತ್ರ ಒಂದು ಮಾತೂ ಆಡದೆ ನಿಲ್ಲುತ್ತದೆ. ಈ ಪೀಡೆಗೆ ಲಿನಕ್ಸ್ ಕಂಡುಕೊಂಡ ಮದ್ದು ಸೊಗಸಾಗಿದೆ: ಅಂಕಿಗಳನ್ನು ಕೈಯಲ್ಲಿ ಬರೆಯುವುದೇ ಬೇಡ, ಸಿ ಸ್ಟ್ರಕ್ಟಿನಿಂದ ಕಂಪೈಲರೇ ಎಣಿಸಿ ಅಸೆಂಬ್ಲಿಗೆ ಕೊಡಲಿ. ಎಕ್ಸ್‌ವಿ6 ಮಾತ್ರ ಇವತ್ತಿಗೂ ಅಂಕಿಗಳನ್ನು ಕೈಯಲ್ಲೇ ಬರೆಯುತ್ತದೆ. ಕಲಿಯುವವರಿಗೆ ಅದೇ ಒಳ್ಳೆಯದು. ಎಣಿಸದೆ ಈ ವಿದ್ಯೆ ಬರುವುದಿಲ್ಲ.

ಈ ಎಣಿಕೆ ಕಲಿಯಲು ಬೆಂಗಳೂರೇ ಆಗಬೇಕೆಂದಿಲ್ಲ, ಪ್ರೊಸೆಸರ್ ಬೋರ್ಡೂ ಬೇಕಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಎಲ್ಲಿ ಕೂತರೂ ಹಳೆಯ ಲ್ಯಾಪ್‌ಟಾಪ್ ಒಂದು ಸಾಕು. ಎಕ್ಸ್‌ವಿ6 ಉಚಿತ, ಅದು ಓಡುವ ರಿಸ್ಕ್-ವಿ ಯಂತ್ರವನ್ನು ನಟಿಸಿ ತೋರಿಸುವ ಕ್ಯೂಇಎಂಯು ಕೂಡ ಉಚಿತ. ಎಕ್ಸ್‌ವಿ6ರಲ್ಲಿ ‘ಕರ್ನಲ್‌ವೆಕ್’ ಎಂಬ ಅಸೆಂಬ್ಲಿ ಕಡತ ತೆರೆಯಿರಿ. ಸ್ಟ್ಯಾಕಿನಲ್ಲಿ 256 ಬೈಟು ಜಾಗ ಮಾಡಿ ರಿಜಿಸ್ಟರುಗಳನ್ನು ಇಡುತ್ತಾರೆ, ಕೆಲಸ ಮುಗಿದ ಮೇಲೆ ಹಿಂದಕ್ಕೆ ತೆಗೆಯುತ್ತಾರೆ. ತೆಗೆಯುವಾಗ 24ನೆಯ ಬೈಟಿನಲ್ಲಿರುವ ಟಿಪಿ ಎಂಬ ರಿಜಿಸ್ಟರನ್ನು ಮಾತ್ರ ಬೇಕೆಂದೇ ಮುಟ್ಟುವುದಿಲ್ಲ. ಟಿಪಿಯಲ್ಲಿರುವುದು ಈಗ ಓಡುತ್ತಿರುವ ಪ್ರೊಸೆಸರಿನ ಸಂಖ್ಯೆ. ನಡುವೆ ಕೆಲಸ ಬೇರೊಂದು ಪ್ರೊಸೆಸರಿಗೆ ಹೋಗಿದ್ದರೆ ಹಳೆಯ ಸಂಖ್ಯೆ ಸುಳ್ಳಾಗುತ್ತದೆ. ಟಿಪಿಯನ್ನು ಹಿಂದಕ್ಕೆ ತೆಗೆಯುವ ಸಾಲನ್ನು ಸೇರಿಸಿ, ಎರಡು ಮೂರು ಪ್ರೊಸೆಸರ್ ಕೊಟ್ಟು ಒಮ್ಮೆ ಓಡಿಸಿ ನೋಡಿ. ಮುಂದಿನ ಪಾಠವನ್ನು ಕ್ಯೂಇಎಂಯುವೇ ಹೇಳುತ್ತದೆ.