ಆವರಣದೊಳಗಿನ ಹೆಸರು

ಕಡಲಿನ ಬಿರುಗೂದಲ ಹುಳುಗಳಿಗೆ ಹೆಸರಿಡುವ ವಿಚಾರ ಒಬ್ಬ ಬ್ಯಾಂಕ್ ಗುಮಾಸ್ತನಿಗೆ ಯಾಕೆ ಎಂದು ನೀವು ಕೇಳಬಹುದು. ತಂಗಿಯ ಮಗಳು ಪ್ರಾಣಿಶಾಸ್ತ್ರ ಓದುತ್ತಿದ್ದಾಳೆ. ಅವಳ ಪುಸ್ತಕ ತಿರುವಿ ಹಾಕಿದರೆ ಅಲ್ಲಿ ಕಂಡದ್ದು ಹೆಚ್ಚುಕಡಿಮೆ ನನ್ನ ಕೌಂಟರಿನ ಕೆಲಸವೇ.

ಮೈಯ ಉಂಗುರ ಉಂಗುರಕ್ಕೂ ಎರಡು ಬದಿಯಲ್ಲಿ ಕುಚ್ಚುಗೂದಲಿರುವ ಈ ಹುಳುಗಳ ಗುಂಪಿಗೆ ಪಾಲಿಕೀಟ, ಎಂದರೆ ಬಹುರೋಮಿ, ಎಂಬ ಹೆಸರಿಟ್ಟವರು ಗ್ರೂಬೆ, 1850ರಲ್ಲಿ. ಅದಕ್ಕೂ ಮೊದಲೇ, 1758ರಲ್ಲಿ, ಲಿನ್ನೇಯಸ್ ಕೆಲವಕ್ಕೆ ನೆರೀಸ್, ಅಫ್ರೋಡೈಟ ಎಂದು ಕರೆದಿದ್ದರು. ಕೆಸರಲ್ಲಿ ತೆವಳುವ ಹುಳುವಿಗೆ ಗ್ರೀಕರ ಕಡಲಕನ್ಯೆಯ, ಪ್ರೇಮದೇವತೆಯ ಹೆಸರು! ರಸಿಕರೇ ಇರಬೇಕು.

ಹೆಸರು ಕೊಟ್ಟ ಹುಳುವಿನ ಮೂಲ ಮಾದರಿಯೊಂದನ್ನು ಮ್ಯೂಸಿಯಮ್ಮಿನಲ್ಲಿ ಕಾದಿಡುತ್ತಾರೆ. ಸಂಶಯ ಬಂದಾಗ ಅದರೊಂದಿಗೆ ತಾಳೆ ನೋಡುವುದು. ನಮ್ಮ ಮಾದರಿ ಸಹಿಯ ಕಾರ್ಡಿನಂತೆ. ಇಂಗ್ಲೆಂಡಿನ ಡೆವನ್ ಕರಾವಳಿಯ ಹುಳುವೊಂದಕ್ಕೆ ಮೊಂಟಾಗು 1813ರಲ್ಲಿ ನೆರೀಸ್ ಸಾಂಗ್ವಿನಿಯಾ ಎಂದು ಹೆಸರಿಟ್ಟರು. ಮುಂದೆ ಅದು ಮಾರ್ಫೀಸ ಎಂಬ ಕುಲಕ್ಕೆ ಹೋಯಿತು. ಈಗ ಬರೆಯುವುದು ಹೀಗೆ: ಮಾರ್ಫೀಸ ಸಾಂಗ್ವಿನಿಯಾ (ಮೊಂಟಾಗು, 1813). ಆ ಆವರಣ ಅಲಂಕಾರಕ್ಕಲ್ಲ. ಈ ಹುಳು ಮೊದಲು ಬೇರೆ ಮನೆಯಲ್ಲಿತ್ತು, ಮೊದಲು ಗುರುತಿಸಿದವರು ಇವರು ಎಂಬುದಕ್ಕೆ ಅದು ಸಾಕ್ಷಿ. ಕುಲ ಬದಲಾದರೂ ಹಳೆಯ ಹೆಸರುಗಳ ಪಟ್ಟಿಯನ್ನು ಜೊತೆಗೇ ಕೊಡುತ್ತಾರೆ.

ನಮ್ಮ ಹಿರಿಯರ ದಾಖಲೆಗಳಲ್ಲಿ ಅಂಥ ಆವರಣವಿಲ್ಲ. ಶಾಲೆಯ ಪುಸ್ತಕದಲ್ಲಿ ಸುಬ್ರಾಯ, ರೇಷನ್ ಕಾರ್ಡಿನಲ್ಲಿ ಸುಬ್ರಾಯನ್, ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಎಲ್ಲವೂ ಒಬ್ಬರೇ ಎಂದು ವಿಲ್ಲೇಜ್ ಆಫೀಸಿನಿಂದ ಸರ್ಟಿಫಿಕೇಟು ತರಬೇಕು. ಎಂಬತ್ತು ದಾಟಿದವರು ಅದನ್ನು ಹಿಡಿದು ಕೌಂಟರಿನ ಮುಂದೆ ನಿಂತಾಗ ನನಗೆ ಮಾತು ಹೊರಡುವುದಿಲ್ಲ. 1956ರ ನವೆಂಬರ್ 1ರಂದು ಅವರ ಮನೆಯೇನೂ ಕದಲಲಿಲ್ಲ, ರಾಜ್ಯ ಬದಲಾಯಿತು. ಮಂಜೇಶ್ವರವನ್ನು ಮಲಯಾಳದಲ್ಲಿ ಮಂಜೇಶ್ವರಂ ಎನ್ನುವುದು ಆ ಭಾಷೆಗೆ ಸಹಜವೇ. ನನ್ನ ತಕರಾರು ಹಳೆಯದನ್ನು ಅಳಿಸುವುದರ ಬಗ್ಗೆ ಮಾತ್ರ.

ಡೆವನ್ನಿನ ಆ ಹುಳುವಿನ ಕಥೆ ಮುಗಿದಿಲ್ಲ. ಭಾರತವೂ ಸೇರಿ ಎಷ್ಟೋ ದೇಶಗಳ ತೀರದಲ್ಲಿ ಸಿಕ್ಕ ಅಂಥದೇ ಹುಳುಗಳನ್ನೆಲ್ಲ ಬಹುಕಾಲ ಸಾಂಗ್ವಿನಿಯಾ ಎಂದೇ ಬರೆದುಕೊಂಡರು. 2003ರಲ್ಲಿ ಅದಕ್ಕೆ ಹೊಸದಾಗಿ ಮಾದರಿ ಗೊತ್ತುಮಾಡಿ ತಾಳೆ ನೋಡಿದಾಗ ಪೂರ್ವ ಆಸ್ಟ್ರೇಲಿಯಾದ್ದು ಬೇರೆಯೇ ಎಂದಾಯಿತು, ಅದು ಮುಲ್ಲಾವ. ದಕ್ಷಿಣ ಆಫ್ರಿಕಾದ್ದು 2008ರಲ್ಲಿ ಎಲಿಟ್ಯೇನಿ ಆಯಿತು. ಗಾಳಕ್ಕೆ ಚುಚ್ಚುವ ಹುಳುವಿಗೂ ತನ್ನದೇ ಹೆಸರು ಸಿಗಲು ಇಷ್ಟು ಕಾಲ ಹಿಡಿಯಿತು.

ಎರೆಹುಳು, ಜಿಗಣೆ ಬೇರೆ ವರ್ಗ ಎಂದು ನಾವು ಶಾಲೆಯಲ್ಲಿ ಕಲಿತಿದ್ದೆವು. ಜೀನುಗಳನ್ನು ಹೋಲಿಸಿ ನೋಡಿದವರು ಅವೂ ಈ ಬಿರುಗೂದಲ ಹುಳುಗಳದೇ ಒಂದು ಕವಲು ಎನ್ನುತ್ತಾರೆ. "ಹಾಗಾದರೆ ಮಾವ, ನಮ್ಮ ಅಡಿಕೆ ತೋಟದ್ದಕ್ಕೂ ಕಡಲಿನ ನಂಟು" ಎಂದು ಸೊಸೆ ನಗುತ್ತಾಳೆ.