ವೆಲ್ಕಮ್ಮ

1996ರ ಜೂನ್. ಮಂಡ್ಯ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಒಂದನೇ ತರಗತಿಯ ದಾಖಲಾತಿ ನನ್ನ ಕೈಯಲ್ಲಿತ್ತು. ಬೋರ್ಡು ಬರೆಯುವ ಪೇಂಟರೊಬ್ಬ ಮಗಳ ಕೈ ಹಿಡಿದು ಬಂದ. ಉಗುರಿನ ಸಂದಿಯಲ್ಲಿ ಕೆಂಪು ಬಣ್ಣ ಇನ್ನೂ ಅಂಟಿಕೊಂಡಿತ್ತು.

"ಮಗೂ ಹೆಸರೇನಪ್ಪ?"

"ವೆಲ್ಕಮ್ ಅಂತ, ಮೇಡಮ್ಮೋರೆ."

ಬರೆಯಲು ಹೊರಟಿದ್ದ ಪೆನ್ನನ್ನು ಎತ್ತಿ ಹಿಡಿದೆ. "ಅದು ಬಾಗಿಲ ಮೇಲೆ ಬರೆಯೋ ಮಾತು ಕಣಪ್ಪ. ಹೆಣ್ಣುಮಗೀಗೆ ಯಾರಾದ್ರೂ ಇಡ್ತಾರಾ? ನಾಳೆ ಹುಡುಗ್ರೆಲ್ಲ ಆಡ್ಕೊಂಡು ನಗ್ತಾರೆ" ಅಂದೆ. ಆತ ತುಸು ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲಗೆ, "ಮೂರನೇದೂ ಹೆಣ್ಣಾಯ್ತು ಅಂತ ಮನೇಲಿ ಯಾರೂ ಮೊಕ ಕೊಟ್ಟು ಮಾತಾಡ್ಲಿಲ್ಲ. ಅದ್ಕೇ ನಾನೇ ಇಟ್ಟೆ" ಅಂದ.

ಆ ಮಾತು ನನ್ನ ಕಿವಿಗೆ ಬಿತ್ತು, ಎದೆಗೆ ಇಳಿಯಲಿಲ್ಲ. ವಕಾರವಾದರೂ ಉಳಿಯಲಿ ಎಂದು ನಾನೇ 'ವಿಮಲಾ' ಎಂದು ಬರೆದೆ. "ಓದಿದೋರು ನೀವು, ನೀವು ಹೇಳಿದ್ಮೇಲೆ ಸರಿ ಬಿಡಿ" ಎಂದು ಆತ ರುಜು ಹಾಕಿದ. ಬೋರ್ಡಿನ ಅಕ್ಷರದಷ್ಟೇ ದುಂಡಗಿತ್ತು ಅವನ ರುಜು.

ಕನ್ನಡಕ್ಕೂ ಆ ಮಗುವಿಗೂ ಒಳ್ಳೆಯದು ಮಾಡಿದೆನೆಂದೇ ಬಹುಕಾಲ ನಂಬಿದ್ದೆ. ಆದರೆ ಕನ್ನಡದ ಕಾಳಜಿ ಎಂದು ನಾನು ಅಂದುಕೊಂಡದ್ದರಲ್ಲಿ ಕನ್ನಡ ಎಷ್ಟಿತ್ತು? ತರಬೇತಿಗೆ ಹೋದಾಗ ಗ್ರೇಸ್, ಮರ್ಸಿ, ಜಾಯ್ ಎಂಬ ಹೆಸರಿನ ಶಿಕ್ಷಕಿಯರನ್ನು ಕಂಡಿದ್ದೇನೆ. ಕೃಪೆ, ಕರುಣೆ, ಸಂತೋಷ. ಎಲ್ಲವೂ ಇಂಗ್ಲಿಷಿನ ದಿನಬಳಕೆಯ ಪದಗಳೇ. ಅವರ ಹೆಸರು ಕೇಳಿ ನಾನು ಹುಬ್ಬೇರಿಸಲಿಲ್ಲ. ಇಂಗ್ಲೆಂಡಿನ ಪ್ಯೂರಿಟನ್ನರು ಹದಿನಾರು, ಹದಿನೇಳನೇ ಶತಮಾನಗಳಲ್ಲೇ ಹೆಣ್ಣುಮಕ್ಕಳಿಗೆ ಪೇಶನ್ಸ್, ಪ್ರೂಡೆನ್ಸ್ ಎಂದು ಹೆಸರಿಟ್ಟವರು. ಅದನ್ನು ಪುಸ್ತಕದಲ್ಲಿ ಓದಿ ಎಷ್ಟು ಚೆಂದ ಎಂದುಕೊಂಡವಳೂ ನಾನೇ. ಪೇಂಟರನ ಮಗಳ ವಿಷಯಕ್ಕೆ ಬಂದಾಗ ಮಾತ್ರ ಅದು ಹೆಸರೇ ಅಲ್ಲ ಎನ್ನಿಸಿತು. ನನಗೆ ಹಿಡಿಸದೇ ಹೋದದ್ದು ಪದವಲ್ಲ, ಅದನ್ನು ಆರಿಸಿದ ಕೈ. ಇಷ್ಟನ್ನು ಒಪ್ಪಿಕೊಳ್ಳಲು ನನಗೆ ಇಪ್ಪತ್ತು ವರ್ಷ ಹಿಡಿಯಿತು.

ಬಿಡದಿ ಹತ್ತಿರದ ಭದ್ರಾಪುರದಲ್ಲಿ ಹಕ್ಕಿಪಿಕ್ಕಿ ಜನ ಮಕ್ಕಳಿಗೆ ಕಾಫಿ, ಗ್ಲೂಕೋಸ್, ಹೈಕೋರ್ಟ್ ಎಂದೆಲ್ಲ ಹೆಸರಿಟ್ಟ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಅದನ್ನು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿ ಎಲ್ಲರನ್ನೂ ನಗಿಸಿದವಳು ನಾನು. ಅಲೆಮಾರಿಗಳಾಗಿದ್ದ ಜನ, ಊರಿಗೆ ಬಂದಾಗ ಕಿವಿಗೆ ಬಿದ್ದದ್ದರಲ್ಲಿ ಮನಸ್ಸಿಗೆ ಹಿಡಿಸಿದ್ದನ್ನು ಮಗುವಿಗೆ ಕೊಟ್ಟರು. ನಮ್ಮವರು ಕೊಟ್ಟಿದ್ದೂ ಹಾಗೆಯೇ ಅಲ್ಲವೇ? ಹೊನ್ನು, ಮುತ್ತು, ಮಲ್ಲಿಗೆ, ಸಂಪಿಗೆ.

ಎಲ್ಲವನ್ನೂ ಮನಸ್ಸಿಗೆ ಹಿಡಿಸಿಯೇ ಕೊಟ್ಟರೆಂದೂ ಹೇಳಲಾರೆ. ಅದೇ ದಾಖಲಾತಿ ಪುಸ್ತಕದಲ್ಲಿ, ಅದೇ ಜೂನಿನಲ್ಲಿ, ನಾನು ಇಬ್ಬರು ಸಾಕಮ್ಮಂದಿರ ಹೆಸರು ಬರೆದಿದ್ದೇನೆ. ಪೆನ್ನು ಒಂದು ಕ್ಷಣವೂ ನಿಲ್ಲಲಿಲ್ಲ. ಅಕ್ಕರೆಯಿಂದ ಸಾಕಿದ ಮಗಳಿಗೂ ಆ ಹೆಸರುಂಟು, ಬಲ್ಲೆ. ಆದರೆ ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದ ಮನೆಯಲ್ಲಿ ಅದರ ಅರ್ಥ 'ಇನ್ನು ಸಾಕು' ಎಂದೇ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಇಂಥ ಹುಡುಗಿಯರನ್ನು 'ನಕುಸಾ' ಎನ್ನುತ್ತಿದ್ದರು, ಬೇಡವಾದವಳು ಎಂದು. 2011ರಲ್ಲಿ ಅಲ್ಲಿ 285 ಹುಡುಗಿಯರಿಗೆ ಸಮಾರಂಭ ಮಾಡಿ ಹೊಸ ಹೆಸರು ಕೊಟ್ಟರು. ಆ ಸುದ್ದಿ ಓದಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಾಕು ಎಂದ ಹೆಸರನ್ನು ನಾನು ಹಾಗೇ ಬಿಟ್ಟಿದ್ದೆ. ಬಾ ಎಂದು ಕರೆದ ಹೆಸರನ್ನು ಹೊಡೆದುಹಾಕಿದ್ದೆ.

ಇಂಗ್ಲಿಷ್ ಪದ ಯಾವುದಾದರೂ ಸರಿ, ಹೆಣ್ಣುಮಗುವಿಗೆ ಇಡಬಹುದೇ ಎಂದು ಕೇಳಿದರೆ ಈಗಲೂ ಹೂಂ ಎನ್ನಲಾರೆ. ಏಂಜಲ್, ಪ್ರಿನ್ಸೆಸ್ ಎಂದಿಟ್ಟರೆ ನನಗೆ ಇವತ್ತಿಗೂ ಹಿಡಿಸುವುದಿಲ್ಲ; ಮಗು ಬೆಳೆದು ದೊಡ್ಡವಳಾಗುತ್ತಾಳೆ ಎಂಬುದನ್ನು ಆ ಹೆಸರುಗಳು ಮರೆತಿವೆ ಎನ್ನಿಸುತ್ತದೆ. ಆದರೆ ಅದು ನನ್ನ ಅಭಿರುಚಿ. ಅದನ್ನು ಬೇರೆಯವರ ಮಗುವಿನ ಮೇಲೆ ಶಾಯಿಯಲ್ಲಿ ಬರೆಯುವ ಹಕ್ಕು ನನಗಿರಲಿಲ್ಲ. ಮಕ್ಕಳು ನಗುತ್ತಾರೆ ಎಂದಿದ್ದೆನಲ್ಲ, ಆ ಹೊತ್ತಿಗೆ ಯಾವ ಮಗುವೂ ನಕ್ಕಿರಲಿಲ್ಲ. ಮೊದಲು ನಕ್ಕವಳು ನಾನು.

2014ರಲ್ಲಿ ಆ ಹುಡುಗಿ ನನ್ನನ್ನು ಹುಡುಕಿಕೊಂಡು ಮನೆಗೆ ಬಂದಳು. ನರ್ಸಿಂಗ್ ಮುಗಿಸಿ ಹೊರದೇಶದ ಕೆಲಸಕ್ಕೆ ಪಾಸ್‌ಪೋರ್ಟ್ ಮಾಡಿಸುತ್ತಿದ್ದಳು. ಜನನ ಪ್ರಮಾಣಪತ್ರದಲ್ಲಿ ವೆಲ್ಕಮ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ವಿಮಲಾ. ಇಬ್ಬರೂ ಒಬ್ಬಳೇ ಎಂದು ನೋಟರಿಯ ಮುಂದೆ ಅಫಿಡವಿಟ್ಟು, ಪತ್ರಿಕೆಯಲ್ಲಿ ಜಾಹೀರಾತು, ಆಫೀಸಿಂದ ಆಫೀಸಿಗೆ ಅಲೆದಾಟ. ನನ್ನಿಂದ ಬೇಕಾಗಿದ್ದದ್ದು ಶಾಲೆಯ ದಾಖಲೆ ಹುಡುಕಿಸಲು ಒಂದು ಮಾತು, ಅಷ್ಟೇ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕ್ಷಮಿಸು ಎನ್ನಬೇಕೆಂದು ಕಾಫಿ ಲೋಟ ಅವಳ ಮುಂದಿಟ್ಟು ನಿಂತೆ. ಬಾಯಿಂದ ಬಂದದ್ದು, "ಮನೇಲಿ ನಿನ್ನ ಏನಂತ ಕರೀತಾರಮ್ಮ?"

"ವೆಲ್ಕಮ್ಮಾ ಅಂತ, ಮಿಸ್."

ನಾನು ಕಾಪಾಡಲು ಹೊರಟಿದ್ದ ಕನ್ನಡ ಆ ಮನೆಯಲ್ಲಿ ಹೀಗೆ ತನ್ನ ಕೆಲಸ ಮಾಡಿ ಮುಗಿಸಿತ್ತು. ಹೊನ್ನಮ್ಮ, ಮುತ್ತಮ್ಮ, ವೆಲ್ಕಮ್ಮ.

ಕ್ಷಮಿಸು ಎಂದು ಅವತ್ತು ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ. ಈಗ ದಾಖಲಾತಿ ಪುಸ್ತಕದ ಮುಂದೆ ಕೂರುವ ಶಿಕ್ಷಕ ಶಿಕ್ಷಕಿಯರಲ್ಲಿ ಒಂದು ಬೇಡಿಕೆ: ಹೆತ್ತವರು ಹೇಳಿದ ಹೆಸರನ್ನೇ ಬರೆಯಿರಿ. ವಿಚಿತ್ರವೆನಿಸಿದರೆ ಏಕೆ ಇಟ್ಟಿರಿ ಎಂದು ಕೇಳಿ, ಕೇಳಿದ ಮೇಲೆ ಉತ್ತರಕ್ಕೆ ಕಿವಿಗೊಡಿ. ಆ ಶಾಲೆಯ ಬೀರುವಿನಲ್ಲಿ 1996ರ ಪುಸ್ತಕ ಇನ್ನೂ ಇದೆ, ವಿಮಲಾ ಎಂಬುದು ನನ್ನ ಕೈಬರಹದಲ್ಲೇ ಇದೆ. ಅದನ್ನು ತಿದ್ದುವ ಅಧಿಕಾರ ಈಗ ನನಗಿಲ್ಲ.