ಹದಿನೆಂಟರಲ್ಲಿ ಹದಿನೈದು

1950ರ ನವೆಂಬರ್ 22. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಆಗಿನ್ನೂ ಎಳೆಯದು. ಅಂದು ಮಿನಿಯಾಪೊಲಿಸ್‌ನಲ್ಲಿ ನಡೆದ ಪಂದ್ಯದ ಅಂಕಪಟ್ಟಿಯಲ್ಲಿ ಲೇಕರ್ಸ್ ತಂಡದ ಜಾರ್ಜ್ ಮೈಕನ್ ಹೆಸರಿನ ಮುಂದೆ 15 ಅಂಕಗಳಿವೆ. ಇಡೀ ತಂಡದ ಗಳಿಕೆಯೇ 18! ಆದರೂ ಗೆದ್ದದ್ದು 19 ಅಂಕ ಪಡೆದ ಫೋರ್ಟ್ ವೇನ್ ಪಿಸ್ಟನ್ಸ್.

6 ಅಡಿ 10 ಅಂಗುಲ ಎತ್ತರದ ಮೈಕನ್ ಕೈಗೆ ಚೆಂಡು ಸಿಗಬಾರದೆಂದು ಪಿಸ್ಟನ್ಸ್ ಆಟಗಾರರು ಬುಟ್ಟಿಗೆ ಎಸೆಯದೆ ಚೆಂಡು ಹಿಡಿದುಕೊಂಡೇ ಕಾಲ ಕಳೆದರು. ಆಗಿನ ನಿಯಮದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ಪ್ರೇಕ್ಷಕರು ಕೂಗಾಡಿದರು. ಮೈಕನ್ ಕಾದು ನಿಂತ ಹೊತ್ತು ಮಾತ್ರ ಅಂಕಪಟ್ಟಿಯಲ್ಲಿಲ್ಲ. 24 ಸೆಕೆಂಡಿನೊಳಗೆ ಚೆಂಡು ಎಸೆಯಲೇಬೇಕೆಂಬ ನಿಯಮ ಬಂದದ್ದು 1954ರಲ್ಲಿ.

ಮಕ್ಕಳ ಅಂಕಪಟ್ಟಿ ಮನೆಗೆ ಬಂದಾಗ ‘ಎಷ್ಟು ಬಂತು?’ ಎನ್ನುವ ಜೊತೆಗೆ ತಂದೆತಾಯಿ ಇನ್ನೊಂದನ್ನೂ ಕೇಳಬಹುದು: ಚೆಂಡು ಇವರ ಕೈಗೆ ಎಷ್ಟು ಹೊತ್ತು ಸಿಕ್ಕಿತ್ತು?